ಹಾಜರಿ ಪುಸ್ತಕದ ಅರವತ್ತೈದು ಮಂದಿ

ಜಿಗ್ಬೋಡಿ ಎಂದರೆ ಎವೆ ಜನರ ಮಾತಿನಲ್ಲಿ ತಾಳ್ಮೆ. ಹೆಸರಿಟ್ಟ ಅಜ್ಜಿ ಕೂಸಿನ ಮುಖದಲ್ಲಿ ಏನು ಕಂಡಳೋ ಏನೋ, ಈ ಅರವತ್ತೊಂದು ವರ್ಷದಲ್ಲಿ ಅವಳು ಒಂದು ಗಳಿಗೆ ಒಂದು ಕಡೆ ಕೂತದ್ದನ್ನು ಅಫೆಲಿಕೋಪೆ ಊರಿನಲ್ಲಿ ಕಂಡವರಿಲ್ಲ. ಉಣ್ಣುವಾಗಲೂ ತಟ್ಟೆ ಕೈಯಲ್ಲೇ. ಮೀನನ್ನು ಹೊಗೆಗಿಟ್ಟರೆ ಮಣ್ಣಿನ ಒಲೆಗೆ ಮೂರು ಸುತ್ತು ಬಂದು, ಬಾಗಿಲಿಗೆ ಹೋಗಿ ಕಡಲನ್ನು ನೋಡಿ, ಮತ್ತೆ ಒಲೆಯ ಹತ್ತಿರ ಬರುವಳು. ಪಕ್ಕದ ಮನೆಯ ಸೆಫಾಕೊ ಅವಳ ಓರಗೆಯವಳು. ಇದನ್ನು ನೋಡಿ ನೋಡಿ ಸಾಕಾಗಿ, "ನಿನಗೆ ಹೆಸರಿಟ್ಟೋಳು ಬದುಕಿದ್ದಿದ್ರೆ ದಂಡ ಹಾಕ್ತಿದ್ದೆ ಕಣೇ" ಎನ್ನುವಳು.

ದಿನಾ ಬೆಳಿಗ್ಗೆ ಅವಳ ಮೊದಲ ಕೆಲಸ ಅಳೆಯುವುದು. ಹಿತ್ತಲ ಗೋಡೆಗೆ ಹಿಮ್ಮಡಿ ಆನಿಸಿ ನಿಂತು, ಅಲೆ ಬಂದು ಮರಳು ಒದ್ದೆ ಮಾಡುವ ಗೆರೆಯವರೆಗೆ ಹೆಜ್ಜೆ ಎಣಿಸುವಳು. ಹೋದ ವರ್ಷ ಇದೇ ತಿಂಗಳಲ್ಲಿ ಐವತ್ತೆಂಟು ಹೆಜ್ಜೆ ಇತ್ತು. ಈಗ ನಲವತ್ತೊಂದು. ಊರು ಇರುವುದು ಕಡಲಿಗೂ ಹಿನ್ನೀರಿಗೂ ನಡುವಿನ ಮರಳ ಪಟ್ಟಿಯ ಮೇಲೆ. ಹಿಂದಕ್ಕೆ ಸರಿಯುತ್ತಾ ಹೋದರೆ ಇತ್ತ ಹಿನ್ನೀರಿಗೇ ಬೀಳಬೇಕು. ಅವಳ ಮನೆ ಇದುವರೆಗೆ ಮೂರು ಸಲ ಸರಿದಿದೆ. ನಾಲ್ಕನೆಯ ಸಲಕ್ಕೆ ಜಾಗವಿಲ್ಲ.

ಒಣಗಾಳಿ ನಿಂತ ಮೇಲೆ ರಾಜಧಾನಿ ಅಕ್ರಾದಿಂದ ಎಲಿಕೆಮ್ ಎಂಬುವಳು ಬಂದಳು. ಮೂವತ್ತೈದರ ಆಸುಪಾಸು, ಗಿಡ್ಡ ಕೂದಲು, ಕೈಯಲ್ಲಿ ಫೋನಿಗಿಂತ ದೊಡ್ಡದಾದ ಟ್ಯಾಬು. ಹವಾಮಾನ ಕೆಟ್ಟು ಬದುಕು ಕಳೆದುಕೊಂಡವರ ಪರವಾಗಿ ನ್ಯಾಯ ಕೇಳುವ ಸಂಘಗಳು ಕರಾವಳಿಯಲ್ಲಿ ಎಲ್ಲೆಲ್ಲಿ ಇವೆ ಎಂದು ಹುಡುಕಿ, ಒಂದೊಂದಕ್ಕೂ ನಕಾಶೆಯಲ್ಲಿ ಗುರುತು ಹಾಕುವುದು ಅವಳ ಕೆಲಸ. ಬೇವಿನ ಮರದ ಕೆಳಗೆ ಅವಳಿಗೆ ಕುರ್ಚಿ ಹಾಕಿದರು, ಎಳನೀರು ಕೊಟ್ಟರು.

"ನ್ಯಾಯ ಅಂದ್ರೆ? ಸಮುದ್ರದ ಮೇಲೆ ಕೇಸು ಹಾಕ್ತೀಯೇನಮ್ಮ?" ಎಂದು ಸೆಫಾಕೊ ಶುರುಮಾಡಿದಳು.

"ಸಮುದ್ರದ ಮೇಲಲ್ಲ ಅಕ್ಕ. ದೂರದ ದೇಶಗಳಲ್ಲಿ ಹೊಗೆ ಬಿಟ್ಟು ಬಿಟ್ಟು ಸಮುದ್ರವನ್ನ ಉಬ್ಬಿಸಿದೋರು ಇದ್ದಾರಲ್ಲ, ಅವರನ್ನ ಕೇಳೋದು."

"ಹೊಗೆನಾ? ಅಯ್ಯೋ, ಹಾಗಾದ್ರೆ ಮೊದಲು ಈ ಜಿಗ್ಬೋಡಿನ ಹಿಡ್ಕೊ. ನಲವತ್ತು ವರ್ಷದಿಂದ ಮೀನಿಗೆ ಹೊಗೆ ಹಾಕ್ತಿದ್ದಾಳೆ."

ಕೂತವರೆಲ್ಲ ನಕ್ಕರು, ಎಲಿಕೆಮ್ ಕೂಡ. ಜಿಗ್ಬೋಡಿ ನಗಲಿಲ್ಲ. ಅವಳು ಮರಕ್ಕೆ ಒರಗಿ ನಿಂತಿದ್ದಳು.

"ನಕಾಶೆಯಲ್ಲಿ ಹೆಸರು ಬಂದ್ರೆ ಏನಾಗತ್ತೆ?" ಎಂದು ಕೇಳಿದಳು.

ಎಲಿಕೆಮ್ ಬಿಡಿಸಿ ಹೇಳಿದಳು. ಕಡಲಿಗೆ ಕಲ್ಲಿನ ತಡೆಗೋಡೆ ಕಟ್ಟುತ್ತಾರೆ. ಪಟ್ಟಣದಿಂದ ಶುರುವಾಗುವ ಗೋಡೆ ಈಗಿನ ಯೋಜನೆಯಲ್ಲಿ ಪಕ್ಕದ ಊರಿನ ಇಗರ್ಜಿಯ ಹತ್ತಿರ ನಿಲ್ಲುತ್ತದೆ. ಅಲ್ಲಿಂದಾಚೆ ಎಂಟುನೂರು ಮೀಟರು ಬಿಟ್ಟು ಅಫೆಲಿಕೋಪೆ. ಎಂಜಿನಿಯರುಗಳ ಹಾಳೆಯಲ್ಲಿ ಅಲ್ಲಿ 'ಬರಿ ಮರಳು' ಎಂದು ಬರೆದಿದೆ. ಇದನ್ನು ತೀರ್ಮಾನಿಸಲು ಮುಂದಿನ ವಾರದ ಗುರುವಾರ ಜಿಲ್ಲಾ ಕಚೇರಿಯಲ್ಲಿ ಸಭೆ. ನಕಾಶೆಯಲ್ಲಿ ಇರುವ ಸಂಘಕ್ಕೆ ಅಲ್ಲಿ ಒಂದು ಕುರ್ಚಿ, ಹತ್ತು ನಿಮಿಷ ಮಾತು. ಇಲ್ಲದವರು ಗೇಟಿನ ಹೊರಗೆ.

"ಹಾಗಾದ್ರೆ ಬರ್ಕೊ" ಎಂದಳು ಜಿಗ್ಬೋಡಿ. "ಬೇಗ ಬರ್ಕೊ."

ಊರಿನ ಸಂಘದ ಹೆಸರು ನೊವಿಹಾ, ಒಡಹುಟ್ಟಿದವರ ಗುಂಪು. ಅವಳ ತಾಯಿಯ ಕಾಲದಲ್ಲಿ ಹುಟ್ಟಿದ್ದು, ಸಾವಿನ ಮನೆಗೆ ಹೋಗಿ ಡೋಲು ಬಾರಿಸಿ ಕುಣಿಯುವ ಸಂಘವಾಗಿ. ಆಮೇಲೆ ಕಡಲು ಹತ್ತಿರ ಬಂದ ಹಾಗೆ ಕೆಲಸವೂ ಬೆಳೆಯಿತು. ಹಿನ್ನೀರಿನ ದಡದಲ್ಲಿ ಮಣ್ಣು ಹಿಡಿದು ನಿಲ್ಲಿಸುವ ಕಾಂಡ್ಲಾ ಗಿಡ ನೆಡುವವರು ಇವರು. ದೊಡ್ಡ ಅಲೆಯ ದಿನ ಡೋಲು ಬಾರಿಸಿ ಎಬ್ಬಿಸುವವರು, ಯಾರ ಮನೆ ಬಿದ್ದರೂ ತಗಡು ಬಿಚ್ಚಿ ಹೊತ್ತು ಹೊಸ ಜಾಗದಲ್ಲಿ ನಿಲ್ಲಿಸುವವರು ಇವರು. ಇದಕ್ಕೆ ಹವಾಮಾನ ನ್ಯಾಯ ಎಂಬ ಹೆಸರಿದೆ ಎಂದು ಅವರಿಗೆ ಗೊತ್ತಾದದ್ದು ಆ ದಿನ.

ಹಾಜರಿ ಪುಸ್ತಕ ಇರುವುದು ಹಿರಿಯ ಡೋಲುಗಾರ ಕ್ಲುತ್ಸೆ ತಾತನ ಹತ್ತಿರ. ಎಲಿಕೆಮ್ "ಸದಸ್ಯರು ಎಷ್ಟು ತಾತ?" ಎಂದಾಗ ಆತ ಪುಸ್ತಕ ಬಿಚ್ಚಿ ನೂರ ಹದಿನೆಂಟು ಹೆಸರನ್ನೂ ಸ್ಪಷ್ಟವಾಗಿ ಓದಿದ. ಅವಳು ಫೋನ್ ನಂಬರು ಕೇಳಿದಳು. ಪ್ರತಿ ಹೆಸರಿನ ಮುಂದೆ ನಂಬರು ಇತ್ತು, ಅದನ್ನೂ ಓದಿದ. ಮರದ ಕೆಳಗೆ ಇಪ್ಪತ್ತು ಮೂವತ್ತು ಜನ ಕೂತಿದ್ದರು. ಒಬ್ಬರಿಗೂ ಒಂದು ಮಾತು ಸೇರಿಸಿ ಹೇಳಬೇಕೆಂದು ಹೊಳೆಯಲಿಲ್ಲ.

ನಾಲ್ಕನೆಯ ದಿನ ಜಿಗ್ಬೋಡಿ ಒಲೆಯ ಮುಂದಿದ್ದಾಗ ಫೋನು ಬಂತು. ಗಂಡಸಿನ ಧ್ವನಿ, ಬಹಳ ಮರ್ಯಾದೆಯ ಮಾತು.

"ಅಗ್ಬೆಕೊ ಅವರ ಮನೆಯಾ?"

"ಹೌದು."

"ಅವರು ನೊವಿಹಾ ಸಂಘದಲ್ಲಿ ಇದ್ದಾರಾ?"

"ಇದ್ದಾರೆ."

"ಸ್ವಲ್ಪ ಫೋನ್ ಕೊಡ್ತೀರಾ?"

"ಅವರು ಮಲಗಿದ್ದಾರೆ."

"ಎಷ್ಟು ಹೊತ್ತಿಗೆ ಏಳ್ತಾರೆ ಅಮ್ಮ? ಆಗಲೇ ಮಾಡ್ತೀನಿ."

"ಏಳೋದಿಲ್ಲಪ್ಪ. ಹೋಗಿ ಹನ್ನೊಂದು ವರ್ಷ ಆಯ್ತು. ಏನು ಹೇಳ್ಬೇಕೋ ನನಗೇ ಹೇಳು, ಅವರ ಪರವಾಗಿ ನಾನೇ ಓಗೊಡೋದು."

ಆ ಕಡೆ ಫೋನು ಇಟ್ಟ ಸದ್ದು ಬಂತು. ಜಿಗ್ಬೋಡಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಮೀನು ಮಗುಚಿದಳು. ಮರ್ಯಾದಸ್ಥ, ಆದರೆ ಮಾತು ಮುಗಿಸಲು ಬರುವುದಿಲ್ಲ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಎಲಿಕೆಮ್ ಫೋನು ಮಾಡಿ ಸಂಘದ ಹೆಸರು ತೆಗೆದು ಹಾಕಿದ್ದಾರೆ ಎಂದಳು. ಅವಳು ಕಾರಣ ಹೇಳುವಷ್ಟರಲ್ಲಿ ಜಿಗ್ಬೋಡಿ ಒಲೆಯ ಕಟ್ಟಿಗೆ ಎಳೆದು ಮರಳಿಗೆ ಒತ್ತಿ ಆರಿಸಿ, ಅರ್ಧ ಬೆಂದ ಮೀನನ್ನು ಸೆಫಾಕೊಳ ತಲೆಗೆ ಕಟ್ಟಿ, ಪಟ್ಟಣದ ದಾರಿ ಹಿಡಿದಾಗಿತ್ತು.

ಪಟ್ಟಣದ ಶಾಲೆಯ ಒಂದು ಖಾಲಿ ಕೋಣೆಯಲ್ಲಿ ಎಲಿಕೆಮ್ ಮೇಜು ಹಾಕಿಕೊಂಡಿದ್ದಳು. ಗೋಡೆಯ ಮೇಲೆ ಕರಾವಳಿಯ ನಕಾಶೆ, ಅದರ ತುಂಬ ನೀಲಿ ಚುಕ್ಕೆ. ಇಗರ್ಜಿಯ ಊರಿನ ಆಚೆ ಒಂದೂ ಇಲ್ಲ.

"ಅಮ್ಮ, ನಮ್ಮ ಕಚೇರಿಯೋರು ಪರೀಕ್ಷೆಗೆ ಅಂತ ಹತ್ತು ಜನಕ್ಕೆ ಫೋನ್ ಮಾಡಿದ್ರು. ಹತ್ತರಲ್ಲಿ ಆರು ಜನ ಸತ್ತಿದ್ದಾರೆ."

"ಹೌದು."

"ಹೌದು ಅಂತೀರಲ್ಲ! ಮೊದಲೇ ಹೇಳ್ಬಾರದಿತ್ತಾ?"

"ಸದಸ್ಯರು ಎಷ್ಟು ಅಂತ ಕೇಳ್ದೆ. ಉಸಿರಾಡೋರು ಎಷ್ಟು ಅಂತ ಕೇಳಿದ್ಯಾ?"

ಎಲಿಕೆಮ್ ಹಣೆ ಹಿಡಿದುಕೊಂಡಳು. "ಅಮ್ಮ, ಬೇರೆ ಕಡೆ ಎಷ್ಟೋ ಜನ ಇಲ್ಲದ ಸಂಘ ಕಟ್ಟಿ, ಸ್ಮಶಾನದ ಕಲ್ಲಿಂದ ಹೆಸರು ಬರ್ಕೊಂಡು ಬಂದು ಕೊಡ್ತಾರೆ. ನಮ್ಮೋರಿಗೆ ನೀವೂ ಹಾಗೇ ಕಂಡಿದ್ದೀರಿ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ನಕಾಶೆ ಮುಚ್ತಾರೆ. ಅಷ್ಟರೊಳಗೆ ಬದುಕಿರೋರ ಪಟ್ಟಿ ತಂದುಕೊಡಿ, ಮತ್ತೆ ಸೇರಿಸೋ ಜವಾಬ್ದಾರಿ ನನ್ನದು. ಸತ್ತೋರ ಹೆಸರು ಒಂದೂ ಇರಬಾರದು."

ಮಧ್ಯಾಹ್ನ ಬೇವಿನ ಮರದ ಕೆಳಗೆ ಸಂಘ ಸೇರಿತು. ಕ್ಲುತ್ಸೆ ತಾತ ಪುಸ್ತಕವನ್ನು ಎದೆಗೆ ಅವಚಿಕೊಂಡು ಕೂತಿದ್ದ.

"ಕರೆದ್ರೆ ನೂರ ಹದಿನೆಂಟೂ ಕರೀತೀನಿ. ಇಲ್ಲಾಂದ್ರೆ ಪುಸ್ತಕ ಮುಚ್ಚಿ ಇಡ್ತೀನಿ. ಆವತ್ತು ಏನು ಮಾತಾಡ್ಕೊಂಡ್ವಿ, ಮರೆತ್ರಾ?"

ಆವತ್ತು ಎಂದರೆ ಇಪ್ಪತ್ನಾಲ್ಕು ವರ್ಷದ ಹಿಂದೆ, ಕಡಲು ಹಳೆಯ ಸ್ಮಶಾನಕ್ಕೆ ನುಗ್ಗಿದ ಬೆಳಿಗ್ಗೆ. ಅಲೆ ಒಂದೊಂದೇ ಸಾಲು ಕೀಳುತ್ತಿತ್ತು. ಸಂಘದವರು ಇಳಿದು, ತಮ್ಮವರನ್ನು ಅಗೆದು ತೆಗೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ, ಹಿನ್ನೀರಿನ ಕಡೆಯ ಹೊಸ ಜಾಗಕ್ಕೆ ಹೊತ್ತರು. ಗಡಿಬಿಡಿಯಲ್ಲಿ ಯಾರೂ ಉಳಿದುಹೋಗಬಾರದು, ಯಾರ ಗಂಟು ಯಾರದೆಂದು ತಪ್ಪಬಾರದು. ಅದಕ್ಕೆ ಕ್ಲುತ್ಸೆ ದಡದ ಮೇಲೆ ನಿಂತು ಪುಸ್ತಕ ನೋಡಿ ಒಂದೊಂದು ಹೆಸರು ಕೂಗಿದ. ಆ ಗಂಟು ಹೊತ್ತವರು "ಇದ್ದೀನಿ" ಎಂದು ಓಗೊಟ್ಟು ಮುಂದೆ ನಡೆದರು. ಮೂವತ್ತೆಂಟು ಹೆಸರು ಕರೆದ, ಮೂವತ್ತೆಂಟಕ್ಕೂ ಉತ್ತರ ಬಂತು. ಅಂದಿನಿಂದ ನೊವಿಹಾದ ಹಾಜರಿ ಹಾಗೆಯೇ. ಸತ್ತವರ ಹೆಸರನ್ನು ಹೊಡೆದು ಹಾಕುವುದಿಲ್ಲ. ಅವರ ಮನೆಯವರೊಬ್ಬರು ಓಗೊಡುತ್ತಾರೆ. ಜಿಗ್ಬೋಡಿ ಮೊದಲು ತಾಯಿಗೆ ಮಾತ್ರ ಓಗೊಡುತ್ತಿದ್ದಳು. ಈಗ ತಾಯಿಗೆ, ಗಂಡನಿಗೆ, ತನಗೆ, ಒಟ್ಟು ಮೂರು ಸಲ.

"ತಾತ, ಸತ್ತೋರಿಗೆ ಕುರ್ಚಿ ಕೊಟ್ರೂ ಕೂರಲ್ಲ, ಅವರಿಗೆ ಮಲಗಿ ಅಭ್ಯಾಸ" ಎಂದಳು ಸೆಫಾಕೊ. "ಇರೋರ ತಲೆ ಮೇಲೆ ಸಮುದ್ರ ಬರ್ತಿದೆ. ಐವತ್ತು ಹೆಸರು ಬರೆದು ಬಿಸಾಕು."

"ನಿನ್ನಪ್ಪನ ಹೆಸರು ಮೊದಲು ಹೊಡೀಲಾ?"

ಜಿಗ್ಬೋಡಿ ಮರದ ಸುತ್ತ ತಿರುಗುತ್ತಾ ಇದ್ದಳು. ಆರನೆಯ ಸುತ್ತಿಗೆ ನಿಂತು ಕೈ ಚಾಚಿದಳು.

"ಪುಸ್ತಕ ನನ್ನ ಕೈಗೆ ಕೊಡಿ ತಾತ. ಒಂದು ಹೆಸರನ್ನೂ ಹೊಡೆಯಲ್ಲ. ನಂಬಿ."

ಅವಳು ಓದಿದ್ದು ಮೂರನೆಯ ತರಗತಿ. ಅಕ್ಷರ ಬರೆಯುವಳು, ಆದರೆ ಒಂದೊಂದನ್ನೂ ಬಲೆಯ ಗಂಟು ಹಾಕಿದ ಹಾಗೆ ಎಳೆದು ಬಿಗಿದು ನೋಡಿಯೇ ಮುಂದಿನದು. ಮೀನು ಕೊಯ್ಯುವ ಹಲಗೆಯ ಮೇಲೆ ಹಾಳೆ ಹಾಸಿ ನಿಂತೇ ಶುರುಮಾಡಿದಳು. ಮೊದಲು ಬದುಕಿರುವವರು. ತನ್ನ ಹೆಸರು, ಸೆಫಾಕೊ, ಕ್ಲುತ್ಸೆ ತಾತ, ಹೀಗೆ ಐವತ್ತಮೂರು ಆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಎಲಿಕೆಮ್ ಕೇಳಿದ್ದೂ ಅಷ್ಟೇ.

ಪುಸ್ತಕದಲ್ಲಿ ಬೆರಳು ಗಂಡ ಅಗ್ಬೆಕೊನ ಹೆಸರಿನ ಮೇಲೆ ಬಂದು ನಿಂತಿತ್ತು. ಬಲೆ ಎಳೆಯುವವರಲ್ಲಿ ಅವನಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಸಂಜೆ ಕಡಲಿಂದ ಬಂದರೆ ಹೊಸ್ತಿಲ ಮೇಲೆ ಕೂತುಬಿಡುವನು. "ಕೂತ್ಕೊಳ್ಳೇ" ಎಂದು ಅವನು ಒಮ್ಮೆಯೂ ಅನ್ನಲಿಲ್ಲ. "ನೀನು ಓಡಾಡು, ನಿನ್ನ ಪಾಲಿಂದೂ ನಾನೇ ಕೂತ್ಕೋತೀನಿ" ಎನ್ನುವನು. ಮನೆ ಸರಿಸಿದ ಮೂರು ಸಲವೂ ಅವನು ಮೊದಲು ಬಾಗಿಲು ಬಿಚ್ಚಿ ಹೊತ್ತು, ಹೊಸ ಜಾಗದಲ್ಲಿ ಗೋಡೆಯೇ ಇಲ್ಲದಾಗಲೂ ಬಾಗಿಲು ನಿಲ್ಲಿಸಿ ಅದರ ಮುಂದೆ ಕೂತಿದ್ದ. ಅವನ ಗೋರಿ ಈಗ ಹೊಸ ಸ್ಮಶಾನದ ಎರಡನೆಯ ಸಾಲಿನಲ್ಲಿದೆ. ಆ ಸ್ಮಶಾನ ಇರುವುದು ಊರಿನ ಕೊನೆಯ ಮನೆಯಿಂದ ಇನ್ನೂರ ಹನ್ನೆರಡು ಹೆಜ್ಜೆ ಆಚೆ. ಗೋಡೆ ಇಗರ್ಜಿಯ ಹತ್ತಿರ ನಿಂತರೆ ಅವನನ್ನು ಸರಿಸಬೇಕು. ಯಾರು ಸರಿಸುತ್ತಾರೆ? ಆವತ್ತು ಗಂಟು ಹೊತ್ತವರಲ್ಲಿ ಅರ್ಧ ಜನ ಈಗ ಅದೇ ಮಣ್ಣಿನಲ್ಲಿದ್ದಾರೆ. ಉಳಿದವರಿಗೆ ಮಂಡಿ ಮಡಿಸಲು ಬರುವುದಿಲ್ಲ.

ಹಲಗೆ ಬಿಟ್ಟು ಹೋಗಿ ಕಡಲನ್ನು ನೋಡಿ ಬಂದಳು. ಹೊತ್ತಲ್ಲದ ಹೊತ್ತಿನಲ್ಲಿ ಅಳೆದಳು, ನಲವತ್ತು. ಬಂದು ಹಾಳೆಯ ಮೇಲೆ ಇನ್ನೂ ಎರಡು ಗೆರೆ ಉದ್ದಕ್ಕೆ ಎಳೆದಳು. ಒಂದರ ಮೇಲೆ 'ಮಲಗಿದವರು, ಒಮ್ಮೆ ಸರಿಸಿದ್ದೇವೆ' ಎಂದು ಬರೆದು ಮೂವತ್ತೆಂಟು ಹೆಸರು ಇಳಿಸಿದಳು. ಒಂದೊಂದರ ಮುಂದೆ ಹೊತ್ತವರ ಹೆಸರು. ತಾಯಿಯ ಹೆಸರಿನ ಮುಂದೆ ತನ್ನದು. ನಾಲ್ಕು ಹೆಸರಿನ ಮುಂದೆ ಅಗ್ಬೆಕೊ. ಇನ್ನೊಂದು ಗೆರೆಯ ಮೇಲೆ 'ಮಲಗಿದವರು, ಇನ್ನೂ ಸರಿಸಿಲ್ಲ' ಎಂದು ಬರೆದು ಇಪ್ಪತ್ತೇಳು. ಕೂಡಿದಳು, ನೂರ ಹದಿನೆಂಟು. ಮತ್ತೊಮ್ಮೆ ಕೂಡಿದಳು. ಸರಿಯಾಗಿತ್ತು.

ಮಂಗಳವಾರ ಎಂಟಕ್ಕೆಲ್ಲ ಅವಳು ಶಾಲೆಯ ಕೋಣೆಯಲ್ಲಿದ್ದಳು. ಎಲಿಕೆಮ್ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ಹೊತ್ತವರ ಹೆಸರು ಬಂದ ಕಡೆ ಮತ್ತೆ ಮೇಲಕ್ಕೆ ಹೋಗಿ ಓದಿದಳು.

"ಸತ್ತೋರ ಹೆಸರು ಬೇಡ ಅಂದಿದ್ದೆ."

"ನಿನ್ನ ಟ್ಯಾಬಲ್ಲಿ ಸದಸ್ಯರು ಅಂತ ಕೇಳೋ ಕಡೆ ಐವತ್ತಮೂರು ಹಾಕು. ಸಂಘ ಏನು ಮಾಡಿದೆ ಅಂತ ಒಂದು ಕಡೆ ಕೇಳಿದ್ಯಲ್ಲ, ಅಲ್ಲಿ ಈ ಮೂವತ್ತೆಂಟು ಹಾಕು. ಸಮುದ್ರಕ್ಕೆ ಏನು ಹೋಗತ್ತೆ ಅಂತ ಇನ್ನೊಂದು ಕಡೆ ಕೇಳಿದ್ಯಲ್ಲ, ಅಲ್ಲಿ ಅರವತ್ತೈದೂ ಹಾಕು. ಸುಳ್ಳು ಒಂದೂ ಇಲ್ಲ."

ಎಲಿಕೆಮ್ ಟ್ಯಾಬನ್ನು ಹತ್ತಿರ ಎಳೆದುಕೊಂಡಳು. "ಅರ್ಜಿಯ ಈ ಎರಡು ಕಾಲಂ ತುಂಬಿಸೋದು ನನಗೆ ಯಾವಾಗಲೂ ಕಷ್ಟ ಅಮ್ಮ. ಎಲ್ಲರೂ 'ಜಾಗೃತಿ ಮೂಡಿಸಿದ್ದೇವೆ' ಅಂತ ಬರೆಸ್ತಾರೆ." ಬೆರಳಿನಿಂದ ಒತ್ತುತ್ತಾ ತುಂಬಿಸಿದಳು. ಕೊನೆಗೆ ತಲೆ ಎತ್ತಿದಳು. "ಗುರುತು ಹಾಕಬೇಕಲ್ಲ. ತೆಗೆದುಹಾಕಿದ ಸಂಘಕ್ಕೆ ಇಲ್ಲಿಂದ ಹಾಕೋಕ್ಕೆ ಬಿಡೋದಿಲ್ಲ. ಜಾಗದಲ್ಲೇ ನಿಂತು ಒತ್ತಬೇಕು."

"ಏಳು ಮತ್ತೆ."

ಟ್ರೊಟ್ರೊ ವ್ಯಾನು ತುಂಬದೆ ಹೊರಡುವುದಿಲ್ಲ. ಎರಡು ಸೀಟು ಖಾಲಿ ಇತ್ತು, ಡ್ರೈವರು ಅಬೊಲೊ ರೊಟ್ಟಿಗೆ ಕರಿದ ಮೀನು ಇಟ್ಟುಕೊಂಡು ನಿಧಾನವಾಗಿ ಮೆಲ್ಲುತ್ತಿದ್ದ. ಗಂಟೆ ಹತ್ತಾಯಿತು, ಹತ್ತೂವರೆ ಆಯಿತು. ಜಿಗ್ಬೋಡಿ ಮೂರು ಸಲ ಇಳಿದು ಹತ್ತಿದಳು. ನಾಲ್ಕನೆಯ ಸಲ ಇಳಿದವಳು ರಸ್ತೆ ಬದಿ ನಿಂತಿದ್ದ ಇಬ್ಬರು ಹೆಂಗಸರ ತೋಳು ಹಿಡಿದಳು.

"ಎಲ್ಲಿಗೆ ಹೋಗ್ಬೇಕು ನಿಮಗೆ?"

"ಎಲ್ಲಿಗೂ ಇಲ್ಲಕ್ಕ, ಸುಮ್ಮನೆ ನಿಂತಿದ್ದೀವಿ."

"ಹಾಗಾದ್ರೆ ಅಫೆಲಿಕೋಪೆಗೆ ಬನ್ನಿ, ಅಲ್ಲೂ ಸುಮ್ಮನೆ ನಿಲ್ಲಬಹುದು. ಬುಟ್ಟಿ ತುಂಬ ಹೊಗೆ ಮೀನು ಕೊಡ್ತೀನಿ."

ವ್ಯಾನಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಡ್ರೈವರು ಕೈ ಒರೆಸಿಕೊಂಡು, "ಈ ಅಮ್ಮನ್ನ ನನ್ನ ಗಾಡಿಗೆ ಕಂಡಕ್ಟರ್ ಮಾಡ್ಕೋತೀನಿ" ಎಂದು ಹೊರಟ.

ಊರು ಮುಟ್ಟಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ. ಕ್ಲುತ್ಸೆ ತಾತ ಬೇವಿನ ಮರದ ಕೆಳಗೆ ಚೊಕ್ಕಟ ಗುಡಿಸಿ ಕಾದಿದ್ದ. "ಇಲ್ಲಿ ಒತ್ತಮ್ಮ, ಇದೇ ನಮ್ಮ ಜಾಗ."

"ನನ್ನ ಮನೆ ಮುಂದೆ ಒತ್ತು" ಎಂದಳು ಸೆಫಾಕೊ. "ನಕಾಶೆ ನೋಡಿದೋರು ಮೀನನ್ನಾದ್ರೂ ಕೊಂಡ್ಕೊಳ್ಳಲಿ."

ಎಲಿಕೆಮ್ ಜಿಗ್ಬೋಡಿಯನ್ನು ಕೇಳಲು ತಿರುಗಿದಳು. ಅವಳು ಅಲ್ಲಿರಲಿಲ್ಲ, ಆಗಲೇ ಕೊನೆಯ ಮನೆ ದಾಟಿ ನಡೆದಿದ್ದಳು. ಎಲ್ಲರೂ ಹಿಂದೆ ಹಿಂದೆ ಹೋದರು. ಇನ್ನೂರ ಹನ್ನೆರಡು ಹೆಜ್ಜೆಗೆ ಸ್ಮಶಾನದ ಕಡ್ಡಿಬೇಲಿ. ಅದರೊಳಗೆ ಹೋಗಿ, ಆಚೆ ತುದಿಗಿರುವ ಕೊನೆಯ ಸಾಲನ್ನೂ ದಾಟಿ ನಿಂತು ಕಾಲು ಊರಿದಳು.

"ಇಲ್ಲಿ. ನಮ್ಮ ಮನೆ ಹತ್ರ ಚುಕ್ಕೆ ಇಟ್ರೆ ಗೋಡೆ ಮನೆಗೇ ನಿಲ್ಲತ್ತೆ. ಇಲ್ಲಿಟ್ರೆ ಇಲ್ಲೀವರೆಗೆ ಬರಬೇಕಾಗತ್ತೆ."

ಎಲಿಕೆಮ್ ಒತ್ತಿದಳು. ಗಾಜಿನ ಮೇಲೆ ನೀಲಿ ಚುಕ್ಕೆ ಮೂಡಿತು. ಕ್ಲುತ್ಸೆ ತಾತ ಬಗ್ಗಿ ನೋಡಿ, "ಇಷ್ಟೇನಾ? ಸಾಸಿವೆ ಕಾಳಿನಷ್ಟಿದೆ" ಎಂದ.

ಗುರುವಾರದ ಸಭೆಯಲ್ಲಿ ನೊವಿಹಾಕ್ಕೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಜಿಗ್ಬೋಡಿ ಅದರ ಹಿಂದೆ ನಿಂತಳು. "ಕೂತ್ಕೊಳ್ಳಿ ಅಮ್ಮ" ಎಂದು ಇಬ್ಬರು ಬಂದು ಹೇಳಿದರು, ಕೂರಲಿಲ್ಲ. ಸರದಿ ಬಂದಾಗ ಭಾಷಣ ಮಾಡಲಿಲ್ಲ, ಹಾಳೆ ಓದಿದಳು. ನೂರ ಹದಿನೆಂಟು ಹೆಸರು ಓದಲು ಒಂಬತ್ತು ನಿಮಿಷ ಹಿಡಿಯಿತು. ಉಳಿದ ಒಂದು ನಿಮಿಷದಲ್ಲಿ, "ಬರಿ ಮರಳು ಅಂತ ಬರೆದಿದ್ದೀರಿ. ಆ ಮರಳಿನ ಮೇಲೆ ಐವತ್ತಮೂರು ಜನ, ಒಳಗೆ ಅರವತ್ತೈದು ಜನ. ಇವರು ಯಾರೂ ಸಮುದ್ರ ಉಬ್ಬಿಸಿದೋರಲ್ಲ. ಬಂದು ಅಳೀರಿ" ಎಂದಳು.

ಎಂಜಿನಿಯರು ಕನ್ನಡಕ ತೆಗೆದು ಒರೆಸಿದ. ಮಾತು ಕೊಡುವ ಮನುಷ್ಯನಲ್ಲ ಅವನು. ಅಳೆದ ಮೇಲಷ್ಟೇ ಏನಾದರೂ ಹೇಳುವುದು, ಸೋಮವಾರ ಬರುತ್ತೇನೆ ಎಂದ. ಹಾಳೆಯಲ್ಲಿ 'ಬರಿ ಮರಳು' ಎಂಬ ಮಾತಿನ ಮೇಲೆ ಸೀಸದಕಡ್ಡಿಯಿಂದ ಒಂದು ಗೀಟು ಎಳೆದದ್ದನ್ನು ಮಾತ್ರ ಜಿಗ್ಬೋಡಿ ನೋಡಿದಳು.

ಆ ನಾಲ್ಕು ದಿನ ಅವಳು ಒಲೆ ಹಚ್ಚಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಹೆಜ್ಜೆ ಅಳೆದಳು: ನಲವತ್ತು, ನಲವತ್ತು, ಮೂವತ್ತೊಂಬತ್ತು, ಮೂವತ್ತೊಂಬತ್ತು.

ಸೋಮವಾರ ಅವನು ಬಂದ, ಜೊತೆಗೆ ಟೇಪು ಹಿಡಿಯುವವನು ಒಬ್ಬ. ಇಗರ್ಜಿಯಿಂದ ಶುರುಮಾಡಿದರು. ಐವತ್ತು ಮೀಟರಿನ ಟೇಪು; ಎಳೆಯುವುದು, ಗೂಟ ನೆಡುವುದು, ಬರೆಯುವುದು, ಮತ್ತೆ ಎಳೆಯುವುದು. ಜಿಗ್ಬೋಡಿ ಪಕ್ಕದಲ್ಲಿ ನಡೆಯುತ್ತಾ ಬಂದವಳು ಮೂರನೆಯ ಗೂಟಕ್ಕೆ ತಾಳಲಾರದೆ ಟೇಪಿನ ತುದಿಯನ್ನು ತಾನೇ ಕಿತ್ತುಕೊಂಡಳು. ಅಲ್ಲಿಂದ ಕೆಲಸ ಚುರುಕಾಯಿತು. ಊರು ಬಂತು. ಬೇವಿನ ಮರ, ಸೆಫಾಕೊಳ ಮನೆ, ತನ್ನ ಮನೆ, ಕೊನೆಯ ಮನೆ ಎಲ್ಲ ಹಿಂದಾದವು. ಟೇಪು ಹಿಡಿದವನು ಅಲ್ಲಿ ನಿಂತ. ಅವಳು ನಿಲ್ಲಲಿಲ್ಲ. ಟೇಪು ಬಿಗಿಯಾಗಿ ಜಗ್ಗಿತು.

"ಅಮ್ಮ, ಮನೆ ಮುಗೀತು!" ಎಂದು ಅವನು ಕೂಗಿದ. "ಟೇಪೂ ಮುಗೀತು!"

"ಜನ ಮುಗಿದಿಲ್ಲ" ಎಂದಳು ಅವಳು, ತಿರುಗಿ ನೋಡದೆ. "ಅಲ್ಲಿ ಗೂಟ ನೆಟ್ಟು ಬೇಗ ಬಾ, ಅಲೆ ಏರೋ ಹೊತ್ತು."

ಅವನು ಎಂಜಿನಿಯರನ ಮುಖ ನೋಡಿದ. ಎಂಜಿನಿಯರು ಗೂಟ ಎತ್ತಿ ಕೊಟ್ಟ.